ಬಸಳೆ ಬೆಳೆಸುವವರು ಯಾರಾದರೂ ಇದ್ದೀರಾ?

ಅಂಚೆಯಣ್ಣ:
ಎಲ್ಲರಿಗೂ ನಮಸ್ಕಾರ. ಮೂವತ್ತನಾಲ್ಕು ವರ್ಷ ಉಡುಪಿ ಕಡೆ ಟಪಾಲು ಹಂಚಿದವನು ನಾನು. ನಿವೃತ್ತಿಯಾದ ಮೇಲೆ ಮಗನ ಜೊತೆ ಬೆಂಗಳೂರಿಗೆ ಬಂದೆ. ನಾಲ್ಕನೇ ಮಹಡಿ, ಬಾಲ್ಕನಿಯಲ್ಲಿ ಏಳು ಕುಂಡ. ಮಗ, ಸೊಸೆ ಒಂಬತ್ತಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಊರಲ್ಲಿ ದಿನಕ್ಕೆ ಎಷ್ಟೋ ಮನೆಯ ಜಗಲಿಯಲ್ಲಿ ಮಾತಾಡಿ ಬರುತ್ತಿದ್ದೆ. ಇಲ್ಲಿ ಲಿಫ್ಟಿನಲ್ಲಿ ತಲೆಯಾಡಿಸುವುದಷ್ಟೇ.

ಊರಿಂದ ತಂದ ಬಸಳೆ ದಂಟು ಚಿಗುರಿ ಗ್ರಿಲ್ ಹತ್ತಿದೆ, ಎಲೆ ಅಂಗೈಯಗಲ. ಆದರೆ ಕೆಳಗಿನ ಎಲೆಗಳಲ್ಲಿ ಚುಕ್ಕೆ ಬಿದ್ದಿದೆ. ನಡುವೆ ಬೂದಿ ಬಣ್ಣ, ಸುತ್ತ ಕೆಂಪು ಉಂಗುರ. ಏನು ಮಾಡಲಿ?

ಇನ್ನೊಂದು ಮಾತು. ನನ್ನ ಫೋನಿನ ಗುಂಪುಗಳಲ್ಲಿ ಬೆಳಗಾದರೆ ಶುಭೋದಯದ ಹೂವು, ರಾತ್ರಿಯಾದರೆ ಶುಭರಾತ್ರಿಯ ಚಂದ್ರ. ‘ನಿಮ್ಮ ಬದನೆ ಹೂ ಬಿಟ್ಟಿತಾ ಮಾರಾಯ್ರೆ’ ಎಂದು ಕೇಳುವವರು ಇಬ್ಬರು ಸಿಕ್ಕರೂ ನನಗೆ ಸಾಕು. ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಮಟ್ಟುಗುಳ್ಳದ ಬೀಜ ಉಂಟು, ಬೇಕಾದವರಿಗೆ ಕಳಿಸುತ್ತೇನೆ. ಗುರುತಿಲ್ಲದವರ ಹತ್ತಿರ ವಿಳಾಸ ಕೇಳಿದರೆ ತಪ್ಪಾದೀತೇ?

ಶಿರಸಿ ಟೀಚರ್:
ಅಣ್ಣ, ಅದು ಎಲೆಚುಕ್ಕೆ ರೋಗ. ಮಳೆಗಾಲದಲ್ಲಿ ನಮ್ಮಲ್ಲೂ ಬರುತ್ತದೆ. ಚುಕ್ಕೆಯ ಎಲೆ ಚಿವುಟಿ ದೂರ ಎಸೆಯಿರಿ, ಕುಂಡದೊಳಗೆ ಹಾಕಬೇಡಿ. ನೀರು ಬುಡಕ್ಕೆ ಮಾತ್ರ, ಎಲೆ ಒದ್ದೆಯಾಗಬಾರದು. ಬಳ್ಳಿಗಳ ನಡುವೆ ಗಾಳಿಯಾಡಲಿ.

ನಾನೂ ನಿವೃತ್ತಳೇ. ಸಂಜೆ ನಾಲ್ಕಕ್ಕೆ ಚಹಾ ಹಿಡಿದು ಹಿತ್ತಲಲ್ಲಿ ಕೂರುತ್ತೇನೆ. ಆ ಹೊತ್ತಿಗೆ ಬಸಳೆಯ ಸುದ್ದಿ ಬರೆಯಿರಿ, ಉತ್ತರ ಬಂದೇ ಬರುತ್ತದೆ. ನನ್ನಲ್ಲಿ ಸೂಜಿಮೆಣಸಿನ ಬೀಜ ಇದೆ. ಮಟ್ಟುಗುಳ್ಳದ ಹುಳಿ ಉಡುಪಿಯಲ್ಲಿ ಒಮ್ಮೆ ಉಂಡಿದ್ದೇನೆ. ನಮ್ಮ ಮಣ್ಣಿಗೆ ಬಂದೀತೇ?

ಜಯನಗರದ ಹುಡುಗಿ:
ಅಂಕಲ್, ವಿಳಾಸಕ್ಕೆ ಅವಸರ ಮಾಡಬೇಡಿ. ನಮ್ಮಪ್ಪನ ಜೊತೆ ಒಬ್ಬರು ಎರಡು ವಾರ ಗಿಡದ ಮಾತಾಡಿ, ಆಮೇಲೆ ಆಸ್ಪತ್ರೆ ಖರ್ಚು ಅಂತ ದುಡ್ಡು ಕೇಳಿದರು. ಅಪ್ಪ ಕೊಟ್ಟೂಬಿಟ್ಟರು. ಓಟಿಪಿ ಯಾರಿಗೂ ಹೇಳಬೇಡಿ. ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಂಗಳೂರಿನವರೇ ಸಿಕ್ಕರೆ ಮೊದಲ ಭೇಟಿ ಲಾಲ್‌ಬಾಗ್ ಗಾಜಿನ ಮನೆ ಹತ್ತಿರ ಇಟ್ಟುಕೊಳ್ಳಿ, ಅಲ್ಲಿ ಯಾವಾಗಲೂ ಜನ ಇರ್ತಾರೆ. ಅಪ್ಪನನ್ನೂ ಕರೆತರುತ್ತೇನೆ, ಅವರಿಗೂ ಈಗ ಮಾತಾಡುವವರು ಬೇಕು.

ಅಂಚೆಯಣ್ಣ:
ಮಗಳೇ, ಅಪ್ಪನನ್ನು ಖಂಡಿತ ಕರೆದುಕೊಂಡು ಬಾ. ಭಾನುವಾರ ಬೆಳಿಗ್ಗೆ ಆದೀತು.

ಟೀಚರ್, ಗುಳ್ಳ ಮಟ್ಟುವಿನ ಮಣ್ಣಿನದು. ಹಿಂದಿನ ಕಾಲದ ಯತಿ ವಾದಿರಾಜರು ಕೊಟ್ಟ ಬೀಜ ಅಂತ ನಮ್ಮಲ್ಲಿ ನಂಬಿಕೆ. 2011ರಲ್ಲಿ ಅದಕ್ಕೆ ಜಿಐ ಗುರುತೂ ಸಿಕ್ಕಿತು, ಅಂದರೆ ಇದು ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ. ಶಿರಸಿಯಲ್ಲಿ ಅದೇ ರುಚಿ ಬಂದೀತು ಅಂತ ಹೇಳಲಾರೆ, ಆದರೆ ಕುಂಡದಲ್ಲಿ ನೋಡಬಹುದು. ಬಿತ್ತುವುದು ಮಳೆ ಹಿಂದೆ ಸರಿದ ಮೇಲೆ, ಹಾಗಾಗಿ ಅವಸರವೂ ಇಲ್ಲ. ಅಲ್ಲಿಯವರೆಗೆ ಪಿನ್ ಕೋಡ್ ಸಾಕು, 581401 ಅಂದರೆ ಶಿರಸಿ ಅಂತ ನನಗೆ ಬಾಯಿಪಾಠ.

ಸೂಜಿಮೆಣಸು ಕಳಿಸುವಾಗ ಒಂದು ನೆನಪಿಡಿ. ಬೀಜವನ್ನು ಕಾಗದದಲ್ಲಿ ಮಡಚಿ, ಎರಡು ರಟ್ಟಿನ ನಡುವೆ ಇಟ್ಟು, ಕವರಿನ ಎಡಗಡೆ ಕೆಳಮೂಲೆಗೆ ಅಂಟಿಸಿ. ಸ್ಟಾಂಪು ಬಲಗಡೆ ಮೇಲೆ ಇರುತ್ತದಲ್ಲ, ಮುದ್ರೆ ಬೀಳುವುದು ಅಲ್ಲಿ. ಅದರಡಿ ಸಿಕ್ಕ ಬೀಜ ಪುಡಿಯೇ. ಎಷ್ಟೋ ಕವರು ನನ್ನ ಕೈಯಾರೆ ಕೊಟ್ಟಿದ್ದೇನೆ, ಒಳಗೆ ಬರೀ ಹೊಟ್ಟು. ನೋಡಿ ಬೇಜಾರಾಗುತ್ತಿತ್ತು.

ಬಸಳೆಯ ಆರು ಎಲೆ ಈಗಷ್ಟೇ ಕಿತ್ತೆ. ನಾಳೆ ನಾಲ್ಕಕ್ಕೆ ಫೋಟೊ ಹಾಕುತ್ತೇನೆ.