ಆಕ್ಸೊಲಾಟಲ್‌ಗೆ ಹಳೇ ಗಪ್ಪಿ ತೊಟ್ಟಿ ಆಗುತ್ತಾ?

ಹೊಸನೀರು:
ನಮಸ್ಕಾರ. ಮಗಳಿಗೆ ಹತ್ತಿದ ಆಕ್ಸೊಲಾಟಲ್ (ಜೀವನವಿಡೀ ನೀರಲ್ಲೇ ಇರುವ ಸಲಮಾಂಡರ್) ಹುಚ್ಚು ಈಗ ನನಗೂ ಹತ್ತಿದೆ. ಬರುವ ಭಾನುವಾರ ಎರಡು ಮರಿ ಬರುತ್ತವೆ, ಒಂದೊಂದೂ ಬೆರಳುದ್ದ. ಮೊದಲು ಗಪ್ಪಿ ಮೀನು ಸಾಕಿದ್ದ 60 ಲೀಟರ್ ತೊಟ್ಟಿ ಖಾಲಿ ಇದೆ. ತಳದಲ್ಲಿ ಬಣ್ಣದ ಸಣ್ಣ ಕಲ್ಲು, ಮೂಲೆಯಲ್ಲಿ ಪವರ್ ಫಿಲ್ಟರ್, ಮೇಲೆ ಜೋರು ಎಲ್‌ಇಡಿ ಲೈಟು, ಹೀಟರ್ ಕೂಡ ಇದೆ. ಉಳಿದ ನಾಲ್ಕು ಗಪ್ಪಿಗಳು ಸ್ಪಂಜ್ ಫಿಲ್ಟರ್ ಇರುವ ಚಿಕ್ಕ ತೊಟ್ಟಿಯಲ್ಲಿವೆ. ಅವನ್ನೂ ಜೊತೆಗೇ ಬಿಡಬಹುದಾ? ನೀರು ತುಂಬಿಸಿ ಎರಡು ದಿನ ಬಿಟ್ಟರೆ ಸಾಕು ಅಲ್ವಾ?

ಕೆಸರುಕಾಲು:
ಸಾಕಾಗಲ್ಲ. ದಯವಿಟ್ಟು ಆ ಭಾನುವಾರವನ್ನು ಮುಂದಕ್ಕೆ ಹಾಕಿ, ಒಂದೂವರೆ ತಿಂಗಳಾದರೂ ಹೋಗಲಿ. ಮಗಳ ಮುಖ ಸಪ್ಪಗಾಗುತ್ತದೆ, ಗೊತ್ತು.

ಮೊದಲು ಆ ಕಲ್ಲು ತೆಗೆಯಿರಿ. ಆಕ್ಸೊಲಾಟಲ್ ಕಚ್ಚಿ ತಿನ್ನುವ ಪ್ರಾಣಿ ಅಲ್ಲ. ಬಾಯಿ ತೆರೆದು ನೀರಿನ ಸಮೇತ ಗಬಕ್ಕನೆ ಎಳೆದುಕೊಳ್ಳುತ್ತದೆ. ಎದುರಿಗೆ ಹುಳ ಇದ್ದರೆ ಹುಳ, ಕಲ್ಲಿದ್ದರೆ ಕಲ್ಲು. ನನ್ನ ಮೊದಲನೆಯದಕ್ಕೆ ನಾನೂ ಚಂದಕ್ಕೆ ಅಂತ ಕಲ್ಲು ಹಾಸಿದ್ದೆ. ಒಂದು ದಿನ ಎರೆಹುಳು ಮೂತಿಗೆ ತಾಗಿಸಿದರೂ ತಿರುಗಿಕೊಂಡಿತು. ಮಾರನೇ ದಿನ ಹಿಂಭಾಗ ಮೇಲೆದ್ದು ವಾಲಿಕೊಂಡು ತೇಲುತ್ತಿತ್ತು. ಎಕ್ಸ್‌ರೇ ತೆಗೆದಾಗ ಹೊಟ್ಟೆಯಲ್ಲಿ ಎರಡು ಚುಕ್ಕೆ ಕಂಡವು. ಡಾಕ್ಟರ್ ಹೇಳಿದಂತೆ ಬಿಳಿ ಡಬ್ಬಿಯಲ್ಲಿ ತಣ್ಣೀರಿಟ್ಟು, ದಿನಾ ನೀರು ಬದಲಿಸಿ ಕಾದೆ. ಐದನೇ ದಿನ ಬೆಳಿಗ್ಗೆ ಡಬ್ಬಿ ಎತ್ತಿದರೆ ತಳದಲ್ಲಿ ಟಣ್ ಅಂತ ಸದ್ದು. ಬಟಾಣಿಯಷ್ಟು ನೀಲಿ ಕಲ್ಲು. ಎರಡನೆಯದು ಬರಲು ಇನ್ನೂ ಮೂರು ದಿನ ಬೇಕಾಯಿತು. ಅಂದಿನಿಂದ ನನ್ನ ತೊಟ್ಟಿಯ ತಳ ಬರೀ ಗಾಜು. ನೋಡೋಕೆ ಬೋಳು ಬೋಳು, ಆದರೆ ಕಸ ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ.

ಹೀಟರ್ ಬೇಡವೇ ಬೇಡ. ಇವುಗಳ ಮೂಲ ಮೆಕ್ಸಿಕೊ ನಗರದ ದಕ್ಷಿಣ ಭಾಗದ ಸೊಚಿಮಿಲ್ಕೊದ ಕೆರೆ, ಕಾಲುವೆಗಳು. ಮೆಕ್ಸಿಕೊ ಅಂದ ತಕ್ಷಣ ಬಿಸಿಲು ಅಂದುಕೊಳ್ಳುತ್ತೇವೆ, ಆದರೆ ಆ ಜಾಗ ಸಮುದ್ರ ಮಟ್ಟಕ್ಕಿಂತ 2,200 ಮೀಟರ್‌ಗೂ ಮೇಲಿದೆ. ನೀರು 16ರಿಂದ 18 ಡಿಗ್ರಿ ಇದ್ದರೆ ಇವು ಆರಾಮ. 20 ದಾಟಿದರೆ ಎಚ್ಚರ, 24ರಲ್ಲಿ ದಿನಗಟ್ಟಲೆ ಇಟ್ಟರೆ ಕಾಯಿಲೆ ಗ್ಯಾರಂಟಿ. ಇವತ್ತೇ ಖಾಲಿ ತೊಟ್ಟಿಗೆ ನೀರು ತುಂಬಿ ಥರ್ಮಾಮೀಟರ್ ಇಡಿ. ಒಂದು ವಾರ ಮಧ್ಯಾಹ್ನ ಮೂರು ಗಂಟೆಗೆ ಬರೆದಿಟ್ಟುಕೊಳ್ಳಿ. ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಬೇಕೋ ಬೇಡವೋ ಅದೇ ಹೇಳುತ್ತದೆ.

60 ಲೀಟರ್ ಒಂದಕ್ಕೂ ಸಾಲದು. ಬೆಳೆದರೆ ಒಂದು ಅಡಿಯ ಹತ್ತಿರಕ್ಕೆ ಬರುತ್ತವೆ. ಒಂದಕ್ಕೆ 110 ಲೀಟರ್, ಎರಡಕ್ಕೆ 150 ನನ್ನ ಲೆಕ್ಕ. ಎತ್ತರ ಮುಖ್ಯ ಅಲ್ಲ, ಉದ್ದ ಬೇಕು, ತಳದಲ್ಲೇ ನಡೆಯುವ ಪ್ರಾಣಿ. ಬೆರಳುದ್ದದ ಮರಿಗಳನ್ನು ಸದ್ಯಕ್ಕೆ ಬೇರೆ ಬೇರೆ ಇಡಿ. ಒಂದರ ಕಾಲು ಇನ್ನೊಂದು ತಿಂದುಬಿಡುತ್ತದೆ. ಮತ್ತೆ ಬೆಳೆಯುತ್ತದೆ, ನಿಜ, ಆದರೂ ಸುಮ್ನೆ ಯಾಕೆ? ದೊಡ್ಡವಾದ ಮೇಲೆ ಗಂಡು ಹೆಣ್ಣು ಅಂತ ಗೊತ್ತಾದರೆ ಆಗಲೂ ಬೇರೆ ಮಾಡಿ, ಇಲ್ಲವಾದರೆ ನೂರಾರು ಮೊಟ್ಟೆ ಎಣಿಸುತ್ತಾ ಕೂರುತ್ತೀರಿ.

ಗಪ್ಪಿ ಬೇಡ. ಅವಕ್ಕೆ ಬೆಚ್ಚಗಿನ ನೀರು ಬೇಕು. ಜೊತೆಗೆ ಆಕ್ಸೊಲಾಟಲ್‌ನ ಗರಿಯಂಥ ಕಿವಿರನ್ನು ಹುಳ ಅಂತ ಚುಚ್ಚುತ್ತವೆ. ಇಲ್ಲವೇ ಗಪ್ಪಿಯೇ ಹೊಟ್ಟೆ ಸೇರುತ್ತದೆ.

ಸಂಜೆಪಾಚಿ:
ಬೋಳು ಗಾಜಿನ ಮೇಲೆ ಕಾಲು ಜಾರುತ್ತದೆ ಅಂತ ನಾನು ನುಣ್ಣನೆ ಮರಳು ಹಾಕಿದ್ದೇನೆ. ಕಣ ಒಂದು ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ನುಂಗಿದರೂ ಹೊರಗೆ ಹೋಗುತ್ತದೆ. ಆದರೆ ಮರಿ ದೊಡ್ಡದಾಗುವವರೆಗೆ ಬೇಡ.

ಪವರ್ ಫಿಲ್ಟರ್‌ನ ರಭಸ ಇವಕ್ಕೆ ಆಗಲ್ಲ. ಕಿವಿರು ಮುಂದಕ್ಕೆ ಬಾಗಿಕೊಂಡೇ ಇದ್ದರೆ ನೀರಿನ ಓಟ ಜಾಸ್ತಿ ಅಂತ ತಿಳಿಯಿರಿ. ಆ ಜೋರು ಲೈಟೂ ಬೇಡ, ಇವಕ್ಕೆ ಕಣ್ಣುರೆಪ್ಪೆ ಇಲ್ಲ. ಅಡ್ಡ ಮಲಗಿಸಿದ ಮಣ್ಣಿನ ಕುಂಡ, ಸ್ವಲ್ಪ ಜಾವಾ ಫರ್ನ್ ಗಿಡ ಇದ್ದರೆ ಹಗಲೆಲ್ಲ ಅಲ್ಲೇ ಬಿದ್ದಿರುತ್ತವೆ.

ನಾನು ಬೇಸಿಗೆಯಲ್ಲಿ ಐಸ್ ಬಾಟಲಿ ಹಾಕಿ ನಿಭಾಯಿಸುತ್ತೇನೆ.

ಕೆಸರುಕಾಲು:
ಐಸ್ ಬಾಟಲಿಗೆ ನಾನು ಒಪ್ಪಲ್ಲ. ಹಾಕಿದಾಗ ಧಡಕ್ಕನೆ ಇಳಿಯುತ್ತದೆ, ಕರಗಿದ ಮೇಲೆ ಮತ್ತೆ ಏರುತ್ತದೆ. ಆ ಏರಿಳಿತವೇ ಕಷ್ಟ. ನೀರಿನ ಮೇಲೆ ಬೀಸುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ ನನ್ನಲ್ಲಿ ಮೂರು ಡಿಗ್ರಿ ಇಳಿಯುತ್ತದೆ. ಗಾಳಿಯಲ್ಲಿ ತೇವ ಇದ್ದ ದಿನ ಅದೂ ಮುಷ್ಕರ ಹೂಡುತ್ತದೆ. ಮೇಲೆ ಜಾಲರಿ ಮುಚ್ಚಿ, ಹಾರಿಬಿಡುತ್ತವೆ.

ಹೊಸನೀರು:
ಕಲ್ಲು ಬಕೆಟ್‌ಗೆ ಹೋಯಿತು. ಭಾನುವಾರವೂ ಹೋಯಿತು. ಕಾಯುವ ಒಂದೂವರೆ ತಿಂಗಳಲ್ಲಿ ಮಾಡುವುದೇನು? ಖಾಲಿ ನೀರು ನೋಡುತ್ತಾ ಕೂರುವುದಾ?

ಕೆಸರುಕಾಲು:
ಬ್ಯಾಕ್ಟೀರಿಯಾ ಸಾಕುವುದು! ಪ್ರಾಣಿಯ ಕಸದಿಂದ ನೀರಲ್ಲಿ ಸೇರುವ ಅಮೋನಿಯಾ ವಿಷ, ಅದನ್ನು ಕರಗಿಸುವುದು ಈ ಬ್ಯಾಕ್ಟೀರಿಯಾ. ಅದಕ್ಕೆ ಆಹಾರವಾಗಿ ಕ್ಲೋರಿನ್ ತೆಗೆದ ನೀರಿಗೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವಷ್ಟು ಅಮೋನಿಯಾ ಹಾಕಿ. ಬಣ್ಣ, ವಾಸನೆ ಏನೂ ಸೇರಿಸದ ಶುದ್ಧ ಅಮೋನಿಯಾ ಆಗಿರಬೇಕು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಬಂದರೆ ತೊಟ್ಟಿ ರೆಡಿ. ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ನೈಟ್ರೇಟ್ 20 ಪಿಪಿಎಂಗಿಂತ ಕೆಳಗಿಳಿಸಿ ಮರಿ ತನ್ನಿ. ಅಳೆಯೋಕೆ ಕಾಗದದ ಟೆಸ್ಟ್ ಪಟ್ಟಿ ಬೇಡ, ಹನಿ ಹಾಕುವ ಟೆಸ್ಟ್ ಕಿಟ್ ತಗೊಳ್ಳಿ.

ಗಪ್ಪಿಗಳು ಆರೋಗ್ಯವಾಗಿದ್ದರೆ ಅವುಗಳ ಸ್ಪಂಜನ್ನು ಅರ್ಧ ಕತ್ತರಿಸಿ ಹೊಸ ಫಿಲ್ಟರ್ ಪಕ್ಕ ಇಡಿ. ಅದರಲ್ಲಿ ಆ ಬ್ಯಾಕ್ಟೀರಿಯಾ ಆಗಲೇ ಇರುವುದರಿಂದ ಬೇಗ ಆಗುತ್ತದೆ. ಆದರೆ ಅದನ್ನು ನಲ್ಲಿ ನೀರಲ್ಲಿ ತೊಳೆಯಲೇಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ.

ಹೊಸನೀರು:
ಸ್ಪಂಜ್ ಕತ್ತರಿಸಿದೆ, ಕೈಯೆಲ್ಲ ಕಂದು ರಾಡಿ. ಮಧ್ಯಾಹ್ನ ಮೂರಕ್ಕೆ ನೀರು 23 ಡಿಗ್ರಿ. ಮಗಳು ಕ್ಯಾಲೆಂಡರ್‌ನಲ್ಲಿ ಬರೆದಿದ್ದಾಳೆ, ಪಕ್ಕದಲ್ಲಿ ಒಂದು ಅಳುವ ಮುಖ. ನಾಳೆ ಫ್ಯಾನ್ ಇಟ್ಟು ನೋಡುತ್ತೇವೆ.