ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ): ಮೈಸೂರಿನ ಡಾಕ್ಟರ್ ಸಿಗುವ ಹೊತ್ತಿಗೆ ರೆಫರಲ್ ವಾಯಿದೆ ಮುಗಿದಿರುತ್ತದೆ, ಏನು ಮಾಡೋದು?

ಶ್ರೀಮಂಗಲದವಳು:
ಅಪ್ಪ ರಿಟೈರ್ಡ್ ಸುಬೇದಾರ್, ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ದೊಡ್ಡ ಆಸ್ಪತ್ರೆಗೆ ತೋರಿಸಲು ರೆಫರಲ್ ಚೀಟಿ ಬರೆಸಿಕೊಂಡು ಮೈಸೂರಿಗೆ ಫೋನ್ ಮಾಡಿದರೆ ಡಾಕ್ಟರ್ ರಜೆ ಅಂತಾರೆ. ಹಾಗೇ ಮುಂದೂಡಿ ವಾಯಿದೆ ಮುಗಿಯಿತು. ಮಡಿಕೇರಿ ಒಂದು ದಿಕ್ಕು, ಮೈಸೂರು ಇನ್ನೊಂದು ದಿಕ್ಕು. ಈ ಮಳೆಯಲ್ಲಿ ವಯಸ್ಸಾದವರನ್ನು ಎಷ್ಟು ಸಲ ಸುತ್ತಿಸೋದು? ಆ್ಯಪ್‌ನಲ್ಲಿ ಪಾಲಿಕ್ಲಿನಿಕ್ ಅಪಾಯಿಂಟ್‌ಮೆಂಟ್ ತಗೊಳ್ಳೋಣ ಅಂದ್ರೆ ಓಟಿಪಿಯೇ ಬರಲ್ಲ.

ಹಳೇ ಸಿಗ್ನಲ್‌ಮನ್:
ಕಾರ್ಡಿಗೆ ಯಾವ ನಂಬರ್ ಕೊಟ್ಟಿದ್ದೀರಿ ಅಮ್ಮ?

ಶ್ರೀಮಂಗಲದವಳು:
ಅಣ್ಣನ ಹಳೇ ನಂಬರ್ ಸರ್. ಆ ಸಿಮ್ ಈಗ ಇಲ್ಲ.

ಹಳೇ ಸಿಗ್ನಲ್‌ಮನ್:
ಮತ್ತೆ ಎಲ್ಲಿಂದ ಬರಬೇಕು! ಮೊದಲು ನಂಬರ್ ಬದಲಾಯಿಸಿ. ನಿಮ್ಮ ಕಡೆ ಕರೆಂಟ್ ಹೋದರೆ ಟವರೂ ಮಲಗುತ್ತದೆ, ಸಿಗ್ನಲ್ ಚೆನ್ನಾಗಿರುವ ಕಂಪನಿಯ ಸಿಮ್ಮನ್ನೇ ಕೊಡಿ.

ಇನ್ನು ರೆಫರಲ್ ವಿಷಯ. ಕ್ರಮ ತಿರುಗಿಸಿ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಇಸಿಎಚ್‌ಎಸ್ ಡೆಸ್ಕ್ ಕೇಳಿ. ಹೃದಯದ ಡಾಕ್ಟರ್ ಯಾವ ದಿನ ಕೂರುತ್ತಾರೆ, ಮುಂದಿನ ತಿಂಗಳು ರಜೆ ಇದೆಯಾ ಕೇಳಿ. ಹೃದಯ ವಿಭಾಗಕ್ಕೂ ಇಸಿಎಚ್‌ಎಸ್ ಜೊತೆ ಒಪ್ಪಂದ ಇದೆಯಾ ಅನ್ನೋದನ್ನು ಬಿಡಬೇಡಿ. ಒಪ್ಪಂದದ ಆಸ್ಪತ್ರೆಗಳ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ವಿಭಾಗವೂ ಸೇರಿರುವುದಿಲ್ಲ. ದಿನ ಗೊತ್ತಾದ ಮೇಲೆ ಮಡಿಕೇರಿಗೆ ಹೋಗಿ. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಯಾವುದು ಬೇಕು ಅಂತ ಹೇಳುವ ಹಕ್ಕು ಅಪ್ಪನದ್ದೇ. ರೆಫರಲ್ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲು, ವಾಯಿದೆ ದಿನಾಂಕ ಮತ್ತು ವಿಭಾಗದ ಹೆಸರು ಓದಿ ನೋಡಿ.

ಗೋಣಿಕೊಪ್ಪ ನರ್ಸ್:
ಎದೆನೋವು ಬಂದರೆ ರೆಫರಲ್ ಅಂತ ಕಾಯಬೇಡಿ. ತುರ್ತಿಗೆ ಅದು ಬೇಕಿಲ್ಲ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲು ಡಿಸ್ಚಾರ್ಜ್ ಚೀಟಿ ಎಲ್ಲ ಎತ್ತಿಡಿ. ಸುಮ್ನೆ ಏನಾದರೂ ಸಂಶಯ ಕೇಳೋದಕ್ಕೆ ಸೇಹತ್ ಒಪಿಡಿ ಇದೆ, ವಿಡಿಯೊದಲ್ಲೇ ಡಾಕ್ಟರ್ ಸಿಗುತ್ತಾರೆ. 2021ರಿಂದ ನಡೀತಿದೆ, ಮಾಜಿ ಸೈನಿಕರ ಮನೆಯವರಿಗೂ ಸಿಗುತ್ತದೆ. ಸ್ಟೆಂಟ್ ಹಾಕಿಸಿದವರ ತಪಾಸಣೆಗೆ ಮಾತ್ರ ಅದನ್ನೇ ನಂಬಿ ಕೂರಬೇಡಿ.

ಶ್ರೀಮಂಗಲದವಳು:
ಡೆಸ್ಕ್‌ಗೆ ಫೋನ್ ಮಾಡಿದೆ ಸರ್, ಡಾಕ್ಟರ್ ಕೂರುವ ದಿನ ಹೇಳಿದರು. ಮಡಿಕೇರಿಗೆ ಅದಕ್ಕೂ ಮುಂಚಿನ ಸೋಮವಾರ ಹೋಗ್ತೇವೆ. ಅಮ್ಮನಿಗೂ ಕಣ್ಣು ತೋರಿಸಬೇಕಿತ್ತು, ಅಪ್ಪನ ಕಾರ್ಡಲ್ಲೇ ಆಗುತ್ತಾ?

ಹಳೇ ಸಿಗ್ನಲ್‌ಮನ್:
ಆಗಲ್ಲ. ಅವರದ್ದೇ ಕಾರ್ಡ್ ಬೇಕು, ರೆಫರಲ್ ಕೂಡ ಬೇರೆ. ಸೋಮವಾರ ಅವರನ್ನೂ ಕರೆದುಕೊಂಡು ಹೋಗಿ, ಎರಡನ್ನೂ ಒಟ್ಟಿಗೆ ಬರೆಸಿಕೊಳ್ಳಿ.