ಪದಚರ್ಚೆ: ಓಪನ್‌ಗೆ ‘ಮುಕ್ತ’ ಇದೆ, ಆಕ್ಸೆಸಿಬಿಲಿಟಿಗೆ ‘ನಿಲುಕು’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ನಾನು ರಾಯಚೂರಿನ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಮೂರು: ಓಪನ್ ಸ್ಕಾಲರ್‌ಶಿಪ್ (ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡುವುದು), ಎಐ, ಆಕ್ಸೆಸಿಬಿಲಿಟಿ (ಅಂಗವೈಕಲ್ಯ ಇರುವವರೂ ಬಳಸುವಂತೆ ಮಾಡುವುದು). ದೊಡ್ಡ ಸಂಶೋಧನಾ ಗ್ರಂಥಾಲಯಗಳು ಈಗ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತಾಡುತ್ತಿವೆ. ನಾನು ಗಂಟು ಬಿಚ್ಚಲು ಕೂತರೆ ಪದಗಳೇ ಕೈಕೊಟ್ಟವು. ಅದಕ್ಕೇ ಈ ಪತ್ರ.

ಮೊದಲ ಎಡವಟ್ಟು ನನ್ನದೇ. ಇಂಗ್ಲಿಷ್ ತಲೆಬರಹವನ್ನು ಕಂಪ್ಯೂಟರ್ ಅನುವಾದಕ್ಕೆ ಹಾಕಿದೆ. ಬಂದದ್ದನ್ನು ಸರಿಯಾಗಿ ಓದದೆ ಫಲಕಕ್ಕೆ ಅಂಟಿಸಿಬಿಟ್ಟೆ: ‘ಮುಕ್ತ ವಿದ್ಯಾರ್ಥಿವೇತನ, ಮಾಹಿತಿ ಸಭೆ, ಶನಿವಾರ 3 ಗಂಟೆಗೆ’. ಶನಿವಾರ ಕುರ್ಚಿ ಸಾಲಲಿಲ್ಲ. ಒಬ್ಬ ಹುಡುಗಿ ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಜೆರಾಕ್ಸ್ ಸಮೇತ ಬಂದಿದ್ದಳು. “ಅರ್ಜಿಗೆ ಕೊನೆ ತಾರೀಕು ಯಾವಾಗ ಮೇಡಂ?” ಅಂದಳು. ಸ್ಕಾಲರ್‌ಶಿಪ್ ಅಂದರೆ ನಮ್ಮಲ್ಲಿ ದುಡ್ಡು. ಪಾಂಡಿತ್ಯ ಅಂತ ಯಾರಿಗೂ ಹೊಳೆಯುವುದಿಲ್ಲ. ಅವಳ ಮುಖ ನೋಡಿ ನನಗೇ ಪಾಪ ಅನಿಸಿತು.

ಆಮೇಲೆ ‘ಮುಕ್ತ ವಿದ್ವತ್ತು’ ಅಂತ ಬದಲಿಸಿದೆ. ಅದು ಶಾಲು ಹೊದ್ದು ಕೂತ ಪದ. ಯುನೆಸ್ಕೋ 2021ರ ನವೆಂಬರಿನಲ್ಲಿ ಒಪ್ಪಿದ ಶಿಫಾರಸಿನಲ್ಲಿ ‘ಓಪನ್ ಸೈನ್ಸ್’ ಎಂದಿದೆ. ಅದನ್ನು ‘ಮುಕ್ತ ವಿಜ್ಞಾನ’ ಅಂದರೆ ನಮ್ಮ ಕನ್ನಡ ವಿಭಾಗದವರು ಇದು ತಮ್ಮದಲ್ಲ ಎಂದು ಎದ್ದು ಹೋಗುತ್ತಾರೆ. ಆದರೆ ಆ ಶಿಫಾರಸು ಸಾಹಿತ್ಯ, ಇತಿಹಾಸ ಎಲ್ಲವನ್ನೂ ಸೇರಿಸಿಕೊಂಡೇ ಮಾತಾಡುತ್ತದೆ. ಸದ್ಯಕ್ಕೆ ‘ಮುಕ್ತ ಸಂಶೋಧನೆ’ ಎಂದು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

‘ಮುಕ್ತ’ದಲ್ಲೂ ತಕರಾರು ಇದೆ. ನಮ್ಮ ಕಡೆ ‘ಮುಕ್ತ’ ಅಂದ ಕೂಡಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ನೆನಪಾಗುತ್ತದೆ. ಅಂದರೆ ಮನೆಯಲ್ಲೇ ಕೂತು ಓದುವುದು. ಇನ್ನು ಪದವನ್ನು ಹಿಂದೆ ಮುಂದೆ ಮಾಡಿದರಂತೂ ಮುಗಿಯಿತು. ಪ್ಲಾಸ್ಟಿಕ್ ಮುಕ್ತ ಅಂದರೆ ಪ್ಲಾಸ್ಟಿಕ್ ಇಲ್ಲದ್ದು. ಸಂಶೋಧನಾ ಮುಕ್ತ ಅಂದರೆ? ಕೆಲವು ಕಡೆ ಅದೂ ನಿಜವೇ ಇರಬಹುದು, ಬಿಡಿ. ನಮ್ಮ ಆಡುಮಾತಿನ ‘ಖುಲ್ಲಾ’ವನ್ನೂ ಯೋಚಿಸಿದೆ. ಖುಲ್ಲಾ ಜಾಗ ಅಂದರೆ ಮನೆ ಕಟ್ಟದ ಖಾಲಿ ಜಾಗ. ಅದು ಕೂಡಲಿಲ್ಲ.

‘ಓಪನ್ ಆಕ್ಸೆಸ್’ಗೆ ‘ಮುಕ್ತ ಪ್ರವೇಶ’ ಎಂದು ಪತ್ರಿಕೆಗಳಲ್ಲಿ ನೋಡಿದ್ದೇನೆ. ಕಾಲೇಜಿನ ಗೋಡೆ ಮೇಲೆ ‘ಪ್ರವೇಶ’ ಅಂತ ಕಂಡರೆ ಜನ ಅಡ್ಮಿಶನ್ ಅಂದುಕೊಳ್ಳುತ್ತಾರೆ. ಸಭಾಂಗಣದ ಬಾಗಿಲಲ್ಲಾದರೆ ಟಿಕೆಟ್ ಇಲ್ಲ ಅಂದುಕೊಳ್ಳುತ್ತಾರೆ. ನಮ್ಮ ವೃತ್ತಿಯವರಿಗೆ ಇನ್ನೊಂದು ಗೊಂದಲ. ಗ್ರಂಥಾಲಯದಲ್ಲಿ ‘ಓಪನ್ ಆಕ್ಸೆಸ್’ ಇಂಟರ್ನೆಟ್ಟಿಗಿಂತ ಹಳೆಯ ಮಾತು. ಓದುಗರೇ ಕಪಾಟಿನ ತನಕ ಹೋಗಿ ಪುಸ್ತಕ ಎಳೆದು ನೋಡಬಹುದು, ಚೀಟಿ ಬರೆದು ಕೌಂಟರಿನಲ್ಲಿ ಕಾಯಬೇಕಿಲ್ಲ ಎಂಬುದು ಅದರ ಅರ್ಥ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಇದಕ್ಕೇ ಪಟ್ಟು ಹಿಡಿದಿದ್ದರು. ಹೊಸ ಅರ್ಥ ನೆಲೆಯಾದದ್ದು 2002ರ ಫೆಬ್ರವರಿಯಲ್ಲಿ, ಸಂಶೋಧನಾ ಲೇಖನಗಳನ್ನು ಇಂಟರ್ನೆಟ್ಟಿನಲ್ಲಿ ತೆರೆದಿಡಿ ಎಂದ ಬುಡಾಪೆಸ್ಟ್ ಘೋಷಣೆಯಿಂದ. ಅದರ ಪ್ರಕಾರ ಓಪನ್ ಅಂದರೆ ಬರೀ ಪುಕ್ಕಟೆ ಓದುವುದಲ್ಲ. ಇಳಿಸಿಕೊಳ್ಳಬಹುದು, ಪ್ರತಿ ಮಾಡಬಹುದು, ಹಂಚಬಹುದು. ತಂತ್ರಾಂಶಕ್ಕೆ ದತ್ತಾಂಶವಾಗಿ ಕೊಡಬಹುದು ಎಂದೂ ಅದರಲ್ಲಿದೆ. ಎಐ ಗಲಾಟೆ ಶುರುವಾಗುವ ಇಪ್ಪತ್ತು ವರ್ಷ ಮೊದಲೇ ಆ ಬಾಗಿಲು ತೆಗೆದಿಟ್ಟಿದ್ದರು ನೋಡಿ.

ಹಾಗಾಗಿ ಕೈಪಿಡಿಯಲ್ಲಿ ‘ಪುಕ್ಕಟೆ’ ಬೇರೆ, ‘ಮುಕ್ತ’ ಬೇರೆ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇನೆ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದ ಮೇಲೆ ಇದು ಜಾಸ್ತಿ ಬೇಕಾಗಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಅದನ್ನು ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ನಮ್ಮ ಹುಡುಗರು “ಈಗ ಎಲ್ಲಾ ಓಪನ್ ಆಯ್ತಲ್ಲ ಮೇಡಂ” ಅನ್ನುತ್ತಾರೆ. ಇಲ್ಲಪ್ಪ, ನಿನ್ನ ಪರವಾಗಿ ಸರ್ಕಾರ ದುಡ್ಡು ಕಟ್ಟಿದೆ ಅಷ್ಟೇ. ನಾಳೆ ಪಿಎಚ್‌ಡಿ ಮುಗಿಸಿ ಸಿಂಧನೂರಿನಲ್ಲಿ ಮನೆಯಲ್ಲಿ ಕೂತರೆ ಅದೇ ಲೇಖನಕ್ಕೆ ಬೀಗ ಬೀಳುತ್ತದೆ.

ಲೇಖಕರೇ ಹಣ ಕಟ್ಟಿ ಲೇಖನ ತೆರೆಸುವ ಪದ್ಧತಿಗೆ ಮಾತ್ರ ನಮ್ಮೂರ ಪದ ಪಕ್ಕಾ ಕೂತಿತು. ಊರಲ್ಲಿ ದೊಡ್ಡಾಟ ಆಡಿಸುವಾಗ ಪಾತ್ರ ಮಾಡುವವರೇ ವಂತಿಗೆ ಹಾಕುತ್ತಾರೆ. ಕಲಿಸುವ ಮಾಸ್ತರಿಗೆ, ವೇಷಕ್ಕೆ, ಲೈಟಿಗೆ ಅದೇ ದುಡ್ಡು. ನೋಡುವವರು ಚಾಪೆ ಹಾಸಿಕೊಂಡು ಪುಕ್ಕಟೆ ನೋಡುತ್ತಾರೆ. ‘ಆರ್ಟಿಕಲ್ ಪ್ರೊಸೆಸಿಂಗ್ ಚಾರ್ಜ್’ ಅಂದರೆ ಇದೇ ಅಲ್ವಾ? ‘ಲೇಖಕರ ವಂತಿಗೆ’ ಎಂದು ಬರೆದೆ. ವಂತಿಗೆ ಹಾಕಲು ಆಗದವನಿಗೆ ಪಾತ್ರವಿಲ್ಲ ಎಂಬ ಸಂಕಟವೂ ಅದರಲ್ಲೇ ಬಂತು. ಲೇಖಕರೂ ಕಟ್ಟದೆ, ಓದುಗರೂ ಕಟ್ಟದೆ, ಸಂಸ್ಥೆಯೇ ಖರ್ಚು ಹೊರುವ ‘ಡೈಮಂಡ್’ ಬಗೆಗೆ ‘ದಾಸೋಹ’ ಎಂದೆ. ಸಹೋದ್ಯೋಗಿಯೊಬ್ಬರು ಮಠದ ಮಾತು ಬೇಡ ಎಂದರು. ನನಗೇನೋ ಅದು ಹೊಟ್ಟೆಯ ಮಾತು ಅನಿಸುತ್ತದೆ.

ಇನ್ನೊಂದು ಪದದ ಆಸೆ ಬಿಟ್ಟಿಲ್ಲ. ಲೇಖನ, ಪ್ರಬಂಧಗಳನ್ನು ಕೂಡಿಡುವ ರೆಪಾಸಿಟರಿಗೆ ‘ಭಂಡಾರ’ವೋ ‘ಕಣಜ’ವೋ ಆಗುತ್ತದೆ, ತಕರಾರಿಲ್ಲ. ಆದರೆ ‘ಡಾರ್ಕ್ ಆರ್ಕೈವ್’ ಎಂದೊಂದಿದೆ. ಪತ್ರಿಕೆಗಳ ಪ್ರತಿಯನ್ನು ಒಳಗಿಟ್ಟು ಮುಚ್ಚಿರುತ್ತಾರೆ. ಪ್ರಕಾಶಕ ಅಂಗಡಿ ಮುಚ್ಚಿ ಲೇಖನ ಎಲ್ಲೂ ಸಿಗದಂತಾದರೆ ಮಾತ್ರ ತೆರೆಯುತ್ತಾರೆ. ಕ್ಲಾಕ್ಸ್ ಎಂಬ ಸಂಗ್ರಹ ಹೀಗೇ ನಡೆಯುತ್ತದೆ. ಇದನ್ನು ‘ಕತ್ತಲ ಸಂಗ್ರಹ’ ಅಂದರೆ ಕಳ್ಳಮಾಲು ಅನಿಸುತ್ತದೆ. ನಮ್ಮಜ್ಜನ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ಜೋಳ ಸುರಿದು ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆ ಎಂದೇ ಇಟ್ಟ ಕಾಳು. ತೆಗೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಎಂದು ಕಾಯಬೇಕಿತ್ತು. ಡಾರ್ಕ್ ಆರ್ಕೈವಿಗೆ ‘ಹಗೇವು’ ಅಂದರೆ ದಕ್ಷಿಣದವರಿಗೆ ತಿಳಿಯುತ್ತದೆಯೇ?

ಎಐ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ‘ಕೃತಕ ಬುದ್ಧಿಮತ್ತೆ’ ಈಗಾಗಲೇ ನೆಲೆಯಾಗಿದೆ. ಕೃತಕ ನಗು ಅಂದರೆ ಸುಳ್ಳು ನಗು, ಕೃತಕ ಕಾಲು ಅಂದರೆ ನಡೆಸುವ ಕಾಲು. ಈ ಬುದ್ಧಿ ಯಾವ ಕಡೆಯದು ಎಂಬುದು ದಿನಕ್ಕೊಂದು ಥರ. ನಮಗೆ ಬೇಕಾದ ಪದ ಬೇರೆ. ಹೋದ ತಿಂಗಳು ಒಬ್ಬ ವಿದ್ಯಾರ್ಥಿ ಲೇಖನಗಳ ಪಟ್ಟಿ ತಂದು ಹುಡುಕಿಕೊಡಿ ಎಂದ. ಮೂರು ಎಲ್ಲೂ ಸಿಗಲಿಲ್ಲ. ಪತ್ರಿಕೆಯ ಹೆಸರು ನಿಜ, ಸಂಪುಟ ನಿಜ, ಆ ಪುಟಗಳಲ್ಲಿ ಬೇರೆ ಯಾರದೋ ಲೇಖನ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕೊನೆಗೆ “ಚಾಟ್‌ಜಿಪಿಟಿ ಕೊಟ್ಟಿತ್ತು ಮೇಡಂ” ಎಂದ. ಇಂಗ್ಲಿಷಿನಲ್ಲಿ ಇದಕ್ಕೆ ‘ಹ್ಯಾಲುಸಿನೇಶನ್’ ಅನ್ನುತ್ತಾರೆ, ಕನ್ನಡದಲ್ಲಿ ‘ಭ್ರಮೆ’ ಎಂದು ಬರೆಯುತ್ತಿದ್ದಾರೆ. ಭ್ರಮೆಗೆ ಮನಸ್ಸು ಬೇಕು. ‘ಬುರುಡೆ’ ಎನ್ನೋಣ ಅಂದರೆ, ಬುರುಡೆ ಬಿಡುವವನಿಗೆ ತಾನು ಬಿಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಯಂತ್ರಕ್ಕೆ ಅದೂ ಇಲ್ಲ. ‘ಹುಸಿ ಉಲ್ಲೇಖ’ ಎಂದು ಹಾಕಿದ್ದೇನೆ. ಇದರಲ್ಲಿ ಯಂತ್ರದ ಮನಸ್ಸಿನ ಮಾತೇ ಬರುವುದಿಲ್ಲ, ಎದುರಿಗಿರುವ ಮಾಲಿನ ಮಾತು ಮಾತ್ರ.

ಈಗ ಮುಖ್ಯ ಪ್ರಶ್ನೆ.

ನಮ್ಮಲ್ಲಿಗೆ ಮಾನ್ವಿ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿ ಬರುತ್ತಾನೆ. ಕಣ್ಣು ಒಂದಿಷ್ಟೂ ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಪರದೆ ಮೇಲಿನದನ್ನು ಕಿವಿಯಲ್ಲಿ ಕೇಳಿ ಓದುತ್ತಾನೆ. ಅದು ಪುಕ್ಕಟೆಯೂ ಹೌದು, ಮುಕ್ತವೂ ಹೌದು. ಕರಡಿನಲ್ಲಿ ನಾನು ‘ಸ್ಕ್ರೀನ್ ರೀಡರ್’ಗೆ ‘ಪರದೆ ಓದುಗ’ ಎಂದು ಬರೆದಿದ್ದೆ. ಅವನಿಗೆ ಓದಿ ಹೇಳಿದಾಗ “ಅದು ಓದುಗ ಆದ್ರ ನಾ ಯಾರ್ರಿ ಮೇಡಂ?” ಅಂದ. ಹೊಡೆದು ಹಾಕಿ ‘ಓದಿ ಹೇಳುವ ತಂತ್ರಾಂಶ’ ಎಂದು ಮಾಡಿದೆ. ಉದ್ದ ಆಯಿತು, ಆದರೂ ಇರಲಿ.

ಅವನಿಗೆ ಒಂದು ಹಳೆಯ ಕನ್ನಡ ಪ್ರಬಂಧ ಬೇಕಿತ್ತು. ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ ಸಿಕ್ಕಿತು. ಲಾಗಿನ್ ಬೇಡ, ದುಡ್ಡು ಬೇಡ, ಅಧ್ಯಾಯ ಅಧ್ಯಾಯವಾಗಿ ಪಿಡಿಎಫ್ ಇಳಿಯಿತು. ನಾನು ಖುಷಿಯಿಂದ “ನೋಡು, ಮುಕ್ತ ಅಂದರೆ ಇದು” ಎಂದೆ. ಅವನು ಕಿವಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ನನಗೂ ಒಂದು ಇಯರ್‌ಫೋನ್ ಕೊಟ್ಟ. ಪರದೆಯ ಮೇಲೆ ಚಂದದ ಕನ್ನಡ. ಕಿವಿಯಲ್ಲಿ ಪಿ, ಕ್ಯೂ, ಪೌಂಡ್.

ಯಾಕೆ ಹೀಗೆ ಅಂತ ಈ ಬಳಗದ ಹಳಬರಿಗೆ ಗೊತ್ತಿದ್ದೀತು. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಒಳಗೆ ‘ಕ’ ಇರುವ ಕಡೆ ಇಂಗ್ಲಿಷಿನ ಪಿ ಮತ್ತು ತಲೆ ಮೇಲೆ ಗೆರೆ ಹೊತ್ತ ಎ. ‘ನ’ ಇರುವ ಕಡೆ ಬ್ರಿಟನ್ನಿನ ಪೌಂಡ್ ಗುರುತು. ಕಣ್ಣಿರುವವರಿಗೆ ವೇಷ ಸಾಕು. ತಂತ್ರಾಂಶ ವೇಷ ನೋಡುವುದಿಲ್ಲ, ಒಳಗಿನ ಮನುಷ್ಯನನ್ನೇ ಮಾತಾಡಿಸುತ್ತದೆ. ಇನ್ನು ಪುಟಗಳ ಫೋಟೋ ತೆಗೆದು ಮಾಡಿದ ಪಿಡಿಎಫ್ ಆದರೆ ಅಷ್ಟೂ ಇಲ್ಲ, ಮೌನವೇ. ಅದಕ್ಕೆ ಓಸಿಆರ್ ಮಾಡಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಬೇಕು. ಇಲ್ಲಿ ಎಐ ನಿಜವಾಗಿ ಕೈಕಾಲಾಗಬಲ್ಲದು, ಮೇಲೆ ಹೇಳಿದ ಕೃತಕ ಕಾಲಿನ ಹಾಗೆ. ಆದರೆ ಒತ್ತಕ್ಷರ ತಪ್ಪಿದೆಯೇ ಎಂದು ಮನುಷ್ಯ ಕೂತು ನೋಡಲೇಬೇಕು.

ಅವತ್ತು ಅವನು ಹೇಳಿದ ಮಾತು ತಲೆಯಲ್ಲಿ ಕೂತಿದೆ. “ಬಾಗಿಲಾ ತೆರದೈತಿ ಅಂತೀರಿ ಮೇಡಂ, ನಮಗ ನಿಲುಕವಲ್ದಲ್ರಿ.”

ನನಗೆ ಬೇಕಾದ ಪದ ಸಿಕ್ಕಿತು ಅನಿಸಿತು. ಆಕ್ಸೆಸ್‌ಗೆ ‘ಪ್ರವೇಶ’, ಆಕ್ಸೆಸಿಬಿಲಿಟಿಗೆ ‘ಪ್ರವೇಶಾರ್ಹತೆ’. ಒಂದು ಮೊಬೈಲಿನಲ್ಲಿ ‘ಪ್ರವೇಶಿಸುವಿಕೆ’ ಎಂದೂ ನೋಡಿದೆ. ಎರಡಕ್ಕೂ ಒಂದೇ ಬೇರು ಇಟ್ಟರೆ ಬಾಗಿಲು ತೆಗೆದರೆ ಕೆಲಸ ಮುಗಿಯಿತು ಎಂದಾಗುತ್ತದೆ. ಆ ಪ್ರಬಂಧಕ್ಕೆ ಬಾಗಿಲು ತೆಗೆದೇ ಇತ್ತಲ್ಲ. ‘ಲಭ್ಯತೆ’ ಅಂದರೆ ಇದೆಯೋ ಇಲ್ಲವೋ ಅನ್ನುವುದಷ್ಟೇ. ‘ಸುಗಮ್ಯ’ 2015ರ ಸುಗಮ್ಯ ಭಾರತ ಅಭಿಯಾನದ ಜೊತೆ ದೆಹಲಿಯಿಂದ ಬಂತು. ಅಚ್ಚು ಓದಲಾಗದವರ ಆನ್‌ಲೈನ್ ಗ್ರಂಥಾಲಯಕ್ಕೂ ‘ಸುಗಮ್ಯ ಪುಸ್ತಕಾಲಯ’ ಎಂದೇ ಹೆಸರು. ಕನ್ನಡದ ಕಿವಿಗೆ ಅದು ಸುಗಮ ಸಂಗೀತದ ತಂಗಿ. ‘ಎಟುಕು’ ಒಳ್ಳೆಯ ಪದ, ಆದರೆ ‘ಕೈಗೆಟುಕುವ ಬೆಲೆ’ ಎಂದು ಜಾಹೀರಾತಿನವರು ಅದನ್ನು ರೊಕ್ಕಕ್ಕೆ ಕಟ್ಟಿ ಹಾಕಿಬಿಟ್ಟಿದ್ದಾರೆ.

‘ಪ್ರಿಂಟ್ ಡಿಸೆಬಿಲಿಟಿ’ಯನ್ನು ‘ಮುದ್ರಣ ವೈಕಲ್ಯ’ ಎಂದು ಯಾರೋ ಅನುವಾದಿಸಿದ್ದನ್ನು ನೋಡಿದಾಗ ವೈಕಲ್ಯ ಅಚ್ಚಿನದ್ದು ಎಂಬಂತೆ ಕೇಳಿಸಿತು. ನಗು ಬಂತು. ಮತ್ತೆ ಯೋಚಿಸಿದರೆ ಅದೇ ಸರಿ. ಅಚ್ಚು ಓದಲಾಗದವರಿಗಾಗಿ ಪುಸ್ತಕದ ರೂಪ ಬದಲಿಸಿಕೊಡಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲೇ ತಿದ್ದುಪಡಿ ಆಗಿದೆ. ಇದೇ ಉದ್ದೇಶದ 2013ರ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ, 2014ರಲ್ಲಿ. ಕಾನೂನು ಹೀಗೆ ಮುಂದೆ ಹೋಗಿ ನಿಂತಿದೆ. ಕಡತ ಮಾತ್ರ ಇನ್ನೂ ಪಿ, ಕ್ಯೂ, ಪೌಂಡ್ ಅನ್ನುತ್ತಿದೆ.

ಸರಿ, ‘ನಿಲುಕು’. ಇದರಲ್ಲಿ ನನಗೆ ಎರಡು ಅನುಮಾನ.

ಒಂದು, ಈ ಪದ ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಬರುತ್ತದೆ. ಊಹೆಗೆ ನಿಲುಕದ್ದು, ಕೈಗೆ ನಿಲುಕದ್ದು. ನಿಲುಕುವುದನ್ನು ಯಾರೂ ಹೇಳುವುದಿಲ್ಲ, ನಿಲುಕದಾಗ ಮಾತ್ರ ಪದ ನೆನಪಾಗುತ್ತದೆ. ‘ನಿಲುಕುವ ಕಡತ’, ‘ನಿಲುಕುವ ಜಾಲತಾಣ’ ಎಂದರೆ ನಿಮ್ಮ ಕಿವಿಗೆ ಹೇಗಿದೆ? ನಾಮಪದ ಬೇಕಾದರೆ ‘ನಿಲುಕುವಿಕೆ’ಯೋ, ಬರೀ ‘ನಿಲುಕು’ ಸಾಕೋ? ‘ಈ ಪುಸ್ತಕದ ನಿಲುಕು ಚೆನ್ನಾಗಿದೆ’ ಎನ್ನಬಹುದೇ?

ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಸಣ್ಣವಳಿದ್ದಾಗ ಮೇಲೆ ನೆಲುವಿನಲ್ಲಿ ಮೊಸರಿನ ಗಡಿಗೆ ಇರುತ್ತಿತ್ತು. ಅವ್ವ “ನಿಲುಕಿ ತೊಗೊ” ಅನ್ನುತ್ತಿದ್ದಳು. ಅಂದರೆ ಕಾಲ ತುದಿಯಲ್ಲಿ ನಿಂತು, ಮೈ ಚಾಚಿ ತೊಗೊ ಅಂತ. ಗಡಿಗೆ ಇದ್ದಲ್ಲೇ ಇರುತ್ತದೆ, ಚಾಚಬೇಕಾದವಳು ನಾನು. ಆಕ್ಸೆಸಿಬಿಲಿಟಿಯಲ್ಲಿ ಆಗಬೇಕಾದದ್ದು ತಿರುವುಮುರುವು. ಓದುಗ ಇದ್ದಲ್ಲೇ ಇರಬೇಕು, ಗಡಿಗೆ ಇಳಿದು ಬರಬೇಕು. ‘ನಿಲುಕಿಸು’ ಎಂದು ಮಾಡಿದರೆ ಕೆಲಸ ಇಟ್ಟವರ ಮೇಲೆ ಬೀಳುತ್ತದೆ. ‘ನಿಲುಕಿಸಿದ ಪಠ್ಯ’. ವ್ಯಾಕರಣದ ಪ್ರಕಾರ ಸರಿಯೇ ಇದೆ ಅನಿಸುತ್ತದೆ, ಆದರೆ ಬಾಯಲ್ಲಿ ಯಾರಾದರೂ ಆಡಿದ್ದನ್ನು ನಾನು ಕೇಳಿಲ್ಲ. ನಿಮ್ಮ ಕಡೆ ಆಡುತ್ತಾರೆಯೇ? ಬಳ್ಳಾರಿ, ಕೊಪ್ಪಳದವರು ಮೊದಲು ಹೇಳಿ. ಕರಾವಳಿಯವರಲ್ಲಿ, ಮಲೆನಾಡಿನವರಲ್ಲಿ ಇದಕ್ಕೆ ಬೇರೆ ಮಾತೇ ಇದ್ದರೆ ಅದೂ ಬೇಕು.

ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಒಂದು ವಿನಂತಿ: ನಿಘಂಟಿನ ಪುಟದ ಫೋಟೋ ತೆಗೆದು ಕಳಿಸಬೇಡಿ, ಅದರಲ್ಲಿರುವುದನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ. ನಿಮ್ಮ ಉತ್ತರಗಳನ್ನು ಮಾನ್ವಿಯ ಹುಡುಗನಿಗೂ ಕಳಿಸುವುದಿದೆ.